ಮೂರು ಜಗ್ಗಿನ ಹಗ್ಗ

ನಾನು ಒಂದು ಹಗ್ಗ. ಬಾವಿಯ ಹಗ್ಗವಲ್ಲ, ದನ ಕಟ್ಟುವ ಹಗ್ಗವೂ ಅಲ್ಲ. ಆಕಾಶದಲ್ಲಿ ಸಾಗುವ ಹಡಗಿನಿಂದ ಹೊರಗಿಳಿದು ಕೆಲಸ ಮಾಡುವವರ ಸೊಂಟಕ್ಕೆ ಬಿಗಿಯುವ ಹಗ್ಗ. ಬಾವಿಯ ಹಗ್ಗ ಕಿತ್ತರೆ ಕೊಡ ಹೋಗುತ್ತದೆ. ನಾನು ಕಿತ್ತರೆ ಏನು ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಇರಬೇಕು, ಹುಟ್ಟಿದಾಗಿನಿಂದ ನೆಮ್ಮದಿ ಎಂಬುದು ನನಗೆ ಒಗ್ಗಿಲ್ಲ. ಸುರುಳಿ ಸುತ್ತಿ ಮೂಲೆಗಿಟ್ಟರೂ ಒಳಗೊಳಗೇ ಹೊರಳುತ್ತಿರುತ್ತೇನೆ.

ನಾನು ಹುಟ್ಟಿದ್ದು ಚಂದ್ರನ ಸುತ್ತ ತಿರುಗುವ ಒಂದು ಕಾರ್ಖಾನೆಯಲ್ಲಿ. ನನ್ನನ್ನು ಹೊಸೆದದ್ದು ಯಂತ್ರ. ಆದರೆ ಯಂತ್ರದ ಕೆಲಸವನ್ನು ಕಣ್ಣುಮುಚ್ಚಿ ನಂಬದ ಮುದುಕಿಯೊಬ್ಬಳು ಅಲ್ಲಿದ್ದಳು. ತುದಿಯಿಂದ ತುದಿಗೆ ನನ್ನನ್ನು ಅಂಗೈಯಲ್ಲಿ ಜಾರಿಸಿ ನೋಡಿದಳು. ಒಂದು ಕಡೆ ನೂಲು ಉಬ್ಬಿದೆಯೆಂದು ಗೊಣಗಿ ಮತ್ತೆ ಹೊಸೆಯಲು ಹಾಕಿದಳು. ಎರಡನೆಯ ಸಲವೂ ಬಾಯಿ ಗೊಣಗುತ್ತಲೇ ಇತ್ತು, ಕೈ ಮಾತ್ರ ನನ್ನನ್ನು ಮೆಲ್ಲಗೆ ತಟ್ಟಿತು. ನಾನು ಮೊದಲು ಕಲಿತದ್ದು ಅವಳಿಂದಲೇ: ಮನುಷ್ಯರ ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ನಾನು ನಂಬುವುದು ಕೈಯ ಮಾತು ಮಾತ್ರ.

ಮೊದಲ ಕೆಲಸ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಚಂದ್ರನಿಗೆ ಸಾಮಾನು ಸಾಗಿಸುವ ದೋಣಿಯವನೊಬ್ಬ ನನ್ನನ್ನು ಕೊಂಡು ಈರುಳ್ಳಿ ಚೀಲ ಬಿಗಿಯಲು ಹಚ್ಚಿದ. ಜೀವ ಹಿಡಿಯಲು ಹುಟ್ಟಿದವನು ಈರುಳ್ಳಿ ಹಿಡಿದು ಕೂತೆ. ಆ ದೋಣಿ ಗುಜರಿಗೆ ಹೋದಾಗ ನನ್ನ ಪುಣ್ಯಕ್ಕೆ ‘ಬೆಳ್ಳಿಚುಕ್ಕಿ’ ಹಡಗಿನವರು ಬಂದು ನನ್ನನ್ನು ಆರಿಸಿಕೊಂಡರು. ಬೆಳ್ಳಿಚುಕ್ಕಿ ಹೊರಟದ್ದು ಬೇರೊಂದು ಸೂರ್ಯನ ಕಡೆಗೆ, ಹೊಸ ನೆಲ ಹುಡುಕಿಕೊಂಡು. ಹೋದವರು ತಿರುಗಿ ಬರುವ ಮಾತಿರಲಿಲ್ಲ. ಹರೆಯದಲ್ಲಿ ಹತ್ತಿದವರು ನರೆಗೂದಲಲ್ಲಿ ಇಳಿಯಬೇಕು, ಅಷ್ಟು ದೂರ.

ಹಡಗಿನ ಹೊರಮೈಯ ರಿಪೇರಿಗೆಲ್ಲ ಹಿರಿಯ ಕೊಟ್ರಯ್ಯ. ಎಂಜಿನ್ನಿನ ಹತ್ತಿರ ರೇಡಿಯೋ ಬರೀ ಗೊರಗೊರ ಎನ್ನುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಕೊಟ್ರಯ್ಯ ಹಗ್ಗದ ಭಾಷೆ ಕಲಿಸಿದ. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಬಾಗಿಲಲ್ಲಿ ನನ್ನನ್ನು ಹಿಡಿದು ಕೂರಬೇಕು. ಒಳಗಿನಿಂದ ಒಂದು ಜಗ್ಗು ಬಂದರೆ ಹೇಗಿದ್ದೀ ಎಂದು. ಹೊರಗಿನಿಂದ ಒಂದು ಜಗ್ಗು ಬಂದರೆ ಚೆನ್ನಾಗಿದ್ದೇನೆ ಎಂದು. ಎರಡು ಜಗ್ಗಿದರೆ ಹಗ್ಗ ಬಿಡು. ಮೂರು ಜಗ್ಗಿದರೆ, ನನ್ನ ಕೈಲಾಗದು, ಎಳೆದುಕೋ.

ಇದರ ಜೊತೆಗೊಂದು ತಮಾಷೆಯನ್ನೂ ಅವನೇ ಹುಟ್ಟುಹಾಕಿದ. ಯಾರು ಮೂರು ಜಗ್ಗುತ್ತಾರೋ ಅವರು ಇಡೀ ಹಡಗಿನ ತಟ್ಟೆ ತೊಳೆಯಬೇಕು, ಇನ್ನೊಬ್ಬರು ಮೂರು ಜಗ್ಗುವ ತನಕ. ವರ್ಷಗಟ್ಟಲೆ ಅವೇ ಮುಖ, ಅವೇ ಗೋಡೆ ನೋಡುವವರಿಗೆ ನಗಲು ಏನಾದರೂ ಬೇಕಲ್ಲ. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ತಟ್ಟೆ ತೊಳೆಯುವುದೆಂದರೆ ಮೂಗು ಕೊಯ್ದಂತಾಯಿತು. ಮೂರು ಜಗ್ಗುವವರೇ ಇಲ್ಲವಾದರು. ಕಡೆಯ ಸಲ ಮೂರು ಜಗ್ಗಿದವನು ಕೊಟ್ರಯ್ಯನೇ ಆದ್ದರಿಂದ ತಟ್ಟೆಗಳು ಅವನ ಪಾಲಿಗೇ ಉಳಿದವು, ಅವನು ನಗುನಗುತ್ತ ತೊಳೆಯುತ್ತಿದ್ದ.

ಅವನ ಕೈಕೆಳಗೆ ಇಬ್ಬರು ಪಳಗಿದರು. ವಾಮನ ಮರಕಾಲ ಕುಂದಾಪುರ ಕಡೆಯ ಮೀನುಗಾರರ ಮಗ. ಬಲೆಯ ಹಗ್ಗ ಹಿಡಿದ ಮನೆತನ, ನನ್ನನ್ನು ಮುಟ್ಟಿದೊಡನೆ ನನಗೆ ಗೊತ್ತಾಯಿತು. ಶಿವಲೀಲಾ ಹುಣಶ್ಯಾಳ ವಿಜಯಪುರ ಸೀಮೆಯವಳು, ಹಿಡಿದ ಕೆಲಸ ಮುಗಿಸದೆ ನೀರು ಮುಟ್ಟುವವಳಲ್ಲ. ಮೊದಲು ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡ ಸ್ನೇಹಿತರು. ಆಕೆ ಶೇಂಗಾ ಚಟ್ನಿ ಬಡಿಸಿದರೆ ಈತ ಮೂಗು ಮುರಿಯುತ್ತಲೇ ತಿನ್ನುತ್ತಿದ್ದ. ಆಮೇಲೆ ಕೊಟ್ರಯ್ಯನ ಕಣ್ಣಿಗೆ ಪೊರೆ ಬಂತು. ಅವನ ಜಾಗ ಖಾಲಿಯಾಗುವುದು ಖಚಿತವಾಯಿತು. ಹೊಸ ನೆಲ ಸಿಕ್ಕಾಗ ಅದರ ಮೇಲೆ ಮೊದಲ ಹೆಜ್ಜೆ ಇಡುವುದು ಹೊರಗೆಲಸದ ಹಿರಿಯರೇ ಎಂದು ಹೊರಡುವಾಗಲೇ ತೀರ್ಮಾನವಾಗಿತ್ತು. ಇಬ್ಬರು ಸ್ನೇಹಿತರು, ಒಂದು ಹೆಜ್ಜೆ. ಅಲ್ಲಿಂದ ಎಣ್ಣೆ ಸೀಗೆಕಾಯಿ ಸಂಬಂಧ ಶುರುವಾಯಿತು.

ಕಿಡಿ ಹೊತ್ತಿಸಿದವನು ವಾಮನ. ಒಂದು ದಿನ ಶಿವಲೀಲಾ ಹೊರಗೆ ಆಂಟೆನಾ ಕೂರಿಸುತ್ತಿದ್ದಳು. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅವಳು ಕೇಳದಿದ್ದರೂ ವಾಮನ ನನ್ನನ್ನು ಎಳೆದುಕೊಂಡುಬಿಟ್ಟ. ಅವಳು ತೂರಾಡಿದ ಹಾಗೆ ಅನ್ನಿಸಿತು, ಅದಕ್ಕೇ ಎಳೆದೆ ಎಂದ. ಸುಳ್ಳು. ಅವಳ ಸೊಂಟದಲ್ಲಿ ಇದ್ದವನು ನಾನು, ಅವಳು ಬಂಡೆಯ ಹಾಗೆ ನಿಂತಿದ್ದಳು. ತೂರಾಡಿದ್ದು ಅವನ ಕೈ. ಮರುದಿನ ಅವನೇ ಹೋಗಿ ಉಳಿದ ಬೋಲ್ಟು ತಿರುಗಿಸಿ ಬಂದ. ಊಟದ ಹೊತ್ತಿಗೆ ಎಲ್ಲರೂ ವಾಮನನ ಆಂಟೆನಾ ಎನ್ನತೊಡಗಿದರು. ಶಿವಲೀಲಾ ಅನ್ನ ಬಿಟ್ಟು ಎದ್ದಳು.

ಅವಳು ನೇರ ಕ್ಯಾಪ್ಟನ್ ದೇಚಮ್ಮನ ಹತ್ತಿರ ಹೋದಳು. ದೇಚಮ್ಮ ಕೊಡಗಿನವರು, ಮಾತು ಕಡಿಮೆ, ಆಜ್ಞೆ ಗಟ್ಟಿ. ಮೂರು ಜಗ್ಗು ಬಾರದೆ ಯಾರೂ ಯಾರನ್ನೂ ಎಳೆಯಬಾರದು, ಎಳೆದವರು ಮತ್ತೆ ಹಗ್ಗ ಮುಟ್ಟುವಂತಿಲ್ಲ ಎಂದು ಅಪ್ಪಣೆ ಹೊರಡಿಸಿದರು. ಶಿವಲೀಲಾಳಿಗೆ ಅಷ್ಟೂ ಸಾಲಲಿಲ್ಲ. ಹೊರಗೆ ಹೋಗುವಾಗ ತೊಡುವ ಕವಚದ ಸೊಂಟಕ್ಕೆ ಒಂದು ಉಕ್ಕಿನ ಕೊಕ್ಕೆ ಮಾಡಿಸಿಕೊಂಡಳು. ಹೊರಗೆ ಹೋದೊಡನೆ ಹಡಗಿನ ಕಂಬಿಗೆ ಕೊಕ್ಕೆ ಸಿಕ್ಕಿಸಿಬಿಡುವುದು. ಇನ್ನು ಯಾರು ಜಗ್ಗಿದರೂ ಅವಳು ಜಗ್ಗುವುದಿಲ್ಲ. ಬಲವಂತವಾಗಿ ಎಳೆದರೆ ಕವಚವೇ ಹರಿಯುತ್ತದೆ. ಆ ಕೊಕ್ಕೆ ನನ್ನ ಪಕ್ಕದಲ್ಲೇ ಕಟಕಟ ಎನ್ನುತ್ತಿದ್ದರೆ ನನಗೆ ಮೈಯೆಲ್ಲ ಮುಳ್ಳು ಎದ್ದಂತಾಗುತ್ತಿತ್ತು.

ಅವಳೇನು ಕಡಿಮೆಯೇ? ವಾಮನ ಹೊರಗಿದ್ದಾಗ ಎರಡು ಜಗ್ಗಿ ಹಗ್ಗ ಕೇಳಿದರೆ ಒಂದು ಗೇಣು ಬಿಡುತ್ತಿದ್ದಳು. ಮತ್ತೆ ಕೇಳಿದರೆ ಮತ್ತೊಂದು ಗೇಣು. ಅವನು ಬೆವೆತು ಒಳಬಂದರೆ, ಅವಳು ಏನೂ ತಿಳಿಯದವಳ ಹಾಗೆ ಉಗುರು ನೋಡಿಕೊಳ್ಳುತ್ತಿದ್ದಳು. ಕಿಟಕಿ ಪಕ್ಕದ ಕುರ್ಚಿಗೆ ಜಗಳ, ಸುತ್ತಿಗೆ ಎಲ್ಲಿಟ್ಟೆ ಎಂಬುದಕ್ಕೆ ಜಗಳ. ಎರಡು ಕೈಗಳ ನಡುವೆ ನಾನು ಸುಟ್ಟುಹೋಗುವುದೊಂದು ಬಾಕಿ.

ಹೀಗಿರುವಾಗ ಎಂಜಿನ್ನಿಗೆ ತಂಪು ಹಾಯಿಸುವ ಕೊಳವೆ ಸೋರತೊಡಗಿತು. ಸರದಿ ಶಿವಲೀಲಾಳದು, ಹಗ್ಗ ಹಿಡಿಯುವ ಸರದಿ ವಾಮನನದು. ಮರುದಿನವೇ ಹೊಸ ಹಿರಿಯರ ಹೆಸರು ಹೇಳುವುದಾಗಿ ದೇಚಮ್ಮ ಸಾರಿದ್ದರು. ಶಿವಲೀಲಾ ಹೊರಗೆ ಹೋದಳು, ಕೊಕ್ಕೆ ಸಿಕ್ಕಿಸಿದಳು, ಕೆಲಸಕ್ಕೆ ಕೂತಳು. ವಾಮನ ಒಂದು ಜಗ್ಗಿದ. ಅವಳು ಚುರುಕಾಗಿ ಒಂದು ಜಗ್ಗಿದಳು.

ಸ್ವಲ್ಪ ಹೊತ್ತಿಗೆ ಅವಳ ಕವಚದಲ್ಲಿ ಗಾಳಿಯ ಅಳತೆ ತೋರಿಸುವ ಮುಳ್ಳು ಇಳಿಯುವುದು ನನಗೆ ಕಂಡಿತು. ಎಲ್ಲೋ ಸಣ್ಣಗೆ ಸೋರುತ್ತಿತ್ತು. ಅವಳಿಗೂ ಕಂಡಿತು. ಅವಳ ಕೈ ನನ್ನ ಮೇಲೆ ಬಂತು, ಬಿಗಿಯಿತು, ಒಂದು ಕ್ಷಣ ನಿಂತಿತು. ಮೂರು ಜಗ್ಗಿದರೆ ನಾಳೆಯ ಹೆಸರು ವಾಮನನದು. ಮೇಲಿನಿಂದ ಅವನು ಉಂಡ ತಟ್ಟೆ ತೊಳೆಯುವ ಭಾಗ್ಯ. ಕೈ ನನ್ನನ್ನು ಬಿಟ್ಟು ಮತ್ತೆ ಪಾನಾ ಹಿಡಿಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಇವಳಿಗೆ ಉಸಿರೇ ಇರಲಿಲ್ಲ. ನಾನು ಅವಳ ಸೊಂಟದಲ್ಲಿ ಒದ್ದಾಡಿದೆ. ಹಗ್ಗದ ಒದ್ದಾಟ ಯಾರಿಗೆ ತಿಳಿಯುತ್ತದೆ?

ಒಳಗಿನಿಂದ ಮತ್ತೊಂದು ಜಗ್ಗು ಬಂತು. ಅವಳ ಉತ್ತರ ತಡವಾಯಿತು. ಮುಂದಿನದು ಇನ್ನೂ ತಡ, ಮೀನು ಕಚ್ಚಿ ಬಿಟ್ಟಷ್ಟು ಸಡಿಲ. ವಾಮನನಿಗೆ ಗೊತ್ತಾಗಿಹೋಯಿತು. ಗೊತ್ತಾದೊಡನೆ ಅವನ ಕೈ ಏನು ಮಾಡಿತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದು ಸಡಿಲಾಯಿತು. ಕೇಳಲಿ, ಅವಳೇ ಬಾಯಿಬಿಟ್ಟು ಕೇಳಲಿ ಎಂದು ಆರಾಮಾಗಿ ಕೂತಿತು. ಆಮೇಲೆ ಅದಕ್ಕೇ ತಿಳಿಯಿತು, ಇವಳು ಕೇಳುವವಳಲ್ಲ, ಸಾಯುವವಳು. ಕೈ ಮತ್ತೆ ಬಿಗಿಯಿತು.

ಅತ್ತ ದರಿ, ಇತ್ತ ಪುಲಿ. ಎಳೆದರೆ ಮತ್ತೆಂದೂ ಹಗ್ಗ ಮುಟ್ಟುವಂತಿಲ್ಲ. ಅದು ಹಾಳಾಗಲಿ ಎಂದು ಎಳೆದರೂ ಆ ಕೊಕ್ಕೆ ಇತ್ತು, ಕವಚ ಹರಿದು ಇದ್ದ ಗಾಳಿಯೂ ಹೋಗುತ್ತಿತ್ತು. ಹಗ್ಗ ಬಿಟ್ಟು ತಾನೇ ಹೋಗುವಂತಿಲ್ಲ, ಇನ್ನೊಬ್ಬರು ಕವಚ ತೊಟ್ಟು ಹೊರಡುವಷ್ಟು ಹೊತ್ತಿಲ್ಲ. ಅವಳೇ ಕೊಕ್ಕೆ ಬಿಚ್ಚಬೇಕು, ಅವಳೇ ಬರಬೇಕು. ವಾಮನ ನನ್ನನ್ನು ಎರಡೂ ಕೈಯಲ್ಲಿ ಹಿಡಿದ. ಹಿಡಿದು, ಒಳಗಿನಿಂದ ಮೂರು ಸಲ ಜಗ್ಗಿದ.

ಹಡಗು ಹೊರಟಾಗಿನಿಂದ ಒಳಗೆ ಕೂತವರು ಮೂರು ಜಗ್ಗಿದ್ದಿಲ್ಲ. ಬಾಗಿಲಲ್ಲಿ ಬೆಚ್ಚಗೆ ಕೂತವನು ನನ್ನ ಕೈಲಾಗದು ಎಂದರೆ ಏನರ್ಥ? ಶಿವಲೀಲಾ ಬೆಚ್ಚಿದಳು. ಪಾನಾ ಬಿಟ್ಟಳು, ಬೈದಳು, ಕೊಕ್ಕೆ ಬಿಚ್ಚಿದಳು. ನನ್ನನ್ನು ಹಿಡಿದು ಕೈ ಮೇಲೆ ಕೈ ಹಾಕುತ್ತ ಬಾಗಿಲ ಕಡೆ ಬಂದಳು. ಅವಳ ಜೀವ ಕಡೆಯ ಮಾರಿನಲ್ಲಿ ನನ್ನ ಮೇಲೆ ಜೋತುಬಿದ್ದಿತ್ತು. ಬಾಗಿಲು ಮುಚ್ಚಿ ಹೆಲ್ಮೆಟ್ ತೆಗೆದಾಗ ನೆಲಕ್ಕೆ ಬಿದ್ದು ಉಸಿರಿಗೆ ತಡಕಾಡಿದಳು. ಎದುರಿಗೆ ವಾಮನ ಗುಂಡುಕಲ್ಲಿನ ಹಾಗೆ ಕೂತಿದ್ದ.

“ಏನಾತು ನಿನಗ?” ಎಂದಳು ಉಸಿರು ಬಂದ ಮೇಲೆ.

“ಹೆದ್ರಿಕೆ ಆಯ್ತ್, ಮಾರಾಯ್ತಿ,” ಎಂದ ವಾಮನ. “ಅದ್ಕೇ ಕರ್ದೆ.”

ಶಿವಲೀಲಾ ತನ್ನ ಗಾಳಿಯ ಮುಳ್ಳು ನೋಡಿಕೊಂಡಳು. ಅದು ಸೊನ್ನೆಯ ಮೇಲೆ ಮಲಗಿತ್ತು. ಅಂಗೈಯಿಂದ ಅದನ್ನು ಮುಚ್ಚಿದಳು. ವಾಮನ ಬೇರೆ ಕಡೆ ನೋಡುತ್ತಿದ್ದ.

ಆ ಸಂಜೆ ಊಟದ ಮನೆಯಲ್ಲಿ ನಗುವೋ ನಗು. ಬಾಗಿಲಲ್ಲಿ ಕೂತೇ ಹೆದರಿದ ಗಂಡು ಎಂದು ವಾಮನನಿಗೆ ಹೆಸರಾಯಿತು. ಅವನು ತಟ್ಟೆ ತೊಳೆದ. ಮರುದಿನ ದೇಚಮ್ಮ ಶಿವಲೀಲಾಳ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ಕೊಟ್ರಯ್ಯ ತಡವರಿಸುತ್ತ ಬಂದು ನನ್ನನ್ನು ಅವಳ ಹೆಗಲಿಗೆ ಹಾಕಿದ. ಬಯಸಿದ್ದೆಲ್ಲ ಅವಳ ಹೆಗಲ ಮೇಲಿತ್ತು. ಆದರೆ ಒಳಗಿನಿಂದ ವಾಮನ ತೊಳೆಯುವ ತಟ್ಟೆಯ ಸದ್ದು ಬರುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರು, ಸುಮ್ಮನಿರು ಎಂದು ತನಗೇ ಹೇಳಿಕೊಳ್ಳುವವಳ ಹಾಗೆ ನನ್ನನ್ನು ಹಿಂಡಿದಳು. ಆಮೇಲೆ ಬಾಯಿಬಿಟ್ಟಳು.

“ಕ್ಯಾಪ್ಟನ್ನರ, ನಿನ್ನೆ ಹೊರಗ ನನ್ನ ಗಾಳಿ ಮುಗದಿತ್ತರಿ. ಸತ್ತರೂ ಚಿಂತಿಲ್ಲ, ಇವನ ಕಡಿಂದ ಎಳಸ್ಕೋಬಾರದು ಅಂತ ಸುಮ್ಮನಿದ್ದೆ. ಅಂವ ಅಂಜಿಲ್ಲ. ನನ್ನ ಒಳಗ ಕರಿಯಾಕ ಅಂಜಿದಂಗ ಮಾಡಿದ.”

ತಟ್ಟೆಯ ಸದ್ದು ನಿಂತಿತು. ಇನ್ನು ಮೇಲೆ ಅವರವರ ತಟ್ಟೆ ಅವರವರೇ ತೊಳೆಯಲಿ ಎಂದರು ದೇಚಮ್ಮ. ತನ್ನ ಗಾಳಿ ಮುಗಿದದ್ದನ್ನೇ ಮುಚ್ಚಿಟ್ಟವರ ಕೈಗೆ ಬೇರೆಯವರ ಜೀವ ಕೊಡಲಾರೆ ಎಂದೂ ಹೇಳಿದರು. ಹಿರಿತನ ವಾಮನನಿಗೆ ಹೋಯಿತು. ಹೀಗಾಗುತ್ತದೆಂದು ಶಿವಲೀಲಾಳಿಗೆ ಗೊತ್ತಿತ್ತು. ಗೊತ್ತಿದ್ದರೂ ನನ್ನನ್ನು ಹೆಗಲಿಂದ ಇಳಿಸುವಾಗ ಅವಳ ಕಣ್ಣಲ್ಲಿ ನೀರು ಬಂತು.

ವಾಮನ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ. ನಿನ್ನ ಹಗ್ಗ ಹಿಡಿಯುವವರನ್ನು ನೀನೇ ಆರಿಸಿಕೊ ಎಂದರು ದೇಚಮ್ಮ. ಅವನು ಸುತ್ತ ಕಣ್ಣಾಡಿಸುವಷ್ಟರಲ್ಲಿ ಶಿವಲೀಲಾ ಮುಂದೆ ಬಂದಳು.

“ನಾನ ಹಿಡೀತೀನಿ,” ಎಂದಳು. “ನಿನ್ನ ಮ್ಯಾಲಿನ ಹೊಟ್ಟಿಕಿಚ್ಚು ಹೋಗಿಲ್ಲ ನೋಡು, ಹೋಗೂದೂ ಇಲ್ಲ. ಆದ್ರ ನಿನ್ನ ಮ್ಯಾಲೆ ನನ್ನಷ್ಟು ಕಣ್ಣಿಟ್ಟಾವರು ಈ ಹಡಗಿನ್ಯಾಗ ಬ್ಯಾರೆ ಯಾರದಾರ?”

ವಾಮನ ಅವಳನ್ನೇ ನೋಡಿದ. ಆಮೇಲೆ ನನ್ನ ತುದಿಯನ್ನು ಅವಳ ಕೈಗೆ ಕೊಟ್ಟ.

ಅಂದಿನಿಂದ ಅವಳು ಹಿಡಿದಳು. ಆ ಹಿಡಿತದಲ್ಲಿ ಪ್ರೀತಿ ಎಷ್ಟು, ಕಿಚ್ಚು ಎಷ್ಟು ಎಂದು ನನ್ನನ್ನು ಕೇಳಬೇಡಿ, ನನಗೆ ಬಿಡಿಸಲಾಗಲಿಲ್ಲ. ಅವನು ಹೊರಗಿದ್ದಷ್ಟು ಹೊತ್ತು ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಅವನೆಲ್ಲಿ ತಪ್ಪುತ್ತಾನೆಂದು ಹುಡುಕುತ್ತಿದ್ದಳು, ತಪ್ಪುವ ಮೊದಲೇ ಎಚ್ಚರಿಸುತ್ತಿದ್ದಳು. ಕೊನೆಗೊಂದು ದಿನ ಹೊಸ ನೆಲ ಬಂತು. ವಾಮನ ಬಿಳಿಗೂದಲಿನ ತಲೆ ಬಗ್ಗಿಸಿ ಮೊದಲ ಹೆಜ್ಜೆ ಇಟ್ಟ. ಮೇಲೆ ಬಾಗಿಲಲ್ಲಿ ನನ್ನನ್ನು ಹಿಡಿದು ನಿಂತ ಶಿವಲೀಲಾ ಗೊಳೋ ಎಂದು ಅತ್ತಳು. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ. ಅರ್ಧ ನಿಜ.

ಈಗ ನನ್ನ ನೂಲು ಬಿಟ್ಟಿದೆ. ಜೀವ ಹಿಡಿಯುವ ಕೆಲಸಕ್ಕೆ ಬಾರೆನೆಂದು ತೆಗೆದುಹಾಕಿದ್ದಾರೆ. ಇವರಿಬ್ಬರ ಮನೆಗಳು ಅಕ್ಕಪಕ್ಕ. ನಡುವಿನ ಅಂಗಳದಲ್ಲಿ ನನ್ನನ್ನು ಬಟ್ಟೆ ಒಣಹಾಕಲು ಕಟ್ಟಿದ್ದಾರೆ, ಅರ್ಧ ಅವಳಿಗೆ, ಅರ್ಧ ಅವನಿಗೆ. ನಿನ್ನ ಪಂಚೆ ನನ್ನ ಕಡೆ ಬಂದಿದೆ, ನಿನ್ನ ಸೀರೆ ನನ್ನ ಕಡೆ ಬಂದಿದೆ ಎಂದು ದಿನವೂ ವ್ಯಾಜ್ಯ. ಈ ನೆಲದ ಗಾಳಿಗೆ ಬಿಡುವಿಲ್ಲ, ನನಗೂ ಇಲ್ಲ. ಮುದಿತನದಲ್ಲಾದರೂ ನೆಮ್ಮದಿ ಎಂದು ಯಾರೋ ಹೇಳಿದ್ದು ಹಗ್ಗಗಳಿಗಲ್ಲ.

ಇವತ್ತು ಬೆಳಗ್ಗೆ ಶಿವಲೀಲಾ ಬಟ್ಟೆ ಹರವಲು ಬಂದಳು. ಬಂದವಳೇ ರೂಢಿಯಂತೆ ವಾಮನನ ಕಡೆ ಕಣ್ಣು ಹಾಯಿಸಿದಳು. ಅವನ ಅರ್ಧ ಖಾಲಿಯಿತ್ತು. ಅವಳಿಗಿಂತ ಮೊದಲೇ ಬಟ್ಟೆ ಹಾಕಿ ಗೆದ್ದೆ ಎನ್ನುವವನು ಅವನು. ಅವಳು ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು, ಭುಜ ಕೊಟ್ಟು ಅವನ ಬಾಗಿಲು ನೂಕಿದಳು. ಬಚ್ಚಲಲ್ಲಿ ಜಾರಿ ಬಿದ್ದಿದ್ದ, ಸೊಂಟ ಮುರಿದಿತ್ತು, ತಲೆಯಿಂದ ರಕ್ತ. ಅವಳು ಕೂಗಿದ ಕೂಗಿಗೆ ಊರೇ ಬಂತು, ವೈದ್ಯರೂ ಬಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಅವರು ಹೇಳಿದ್ದು ಅಂಗಳದವರೆಗೂ ಕೇಳಿಸಿತು.

ಎಲ್ಲರೂ ಹೋದ ಮೇಲೆ ಶಿವಲೀಲಾ ಹೊರಗೆ ಬಂದಳು. ಅವಳ ಕೈಯಲ್ಲಿ ವಾಮನನ ಒದ್ದೆ ಬಟ್ಟೆಗಳಿದ್ದವು, ಬಚ್ಚಲಲ್ಲಿ ಅವನು ಹಿಂಡದೆ ಬಿಟ್ಟಿದ್ದವು. ಅವನ್ನು ಹಿಂಡಿ, ಒದರಿ, ಒಂದೊಂದಾಗಿ ನನ್ನ ಮೇಲೆ ಹರವಿದಳು. ಕಡೆಯ ಪಂಚೆ ಅವಳ ಕಡೆಗೆ ಗೇಣಷ್ಟು ಬಂದಿತ್ತು. ಅದನ್ನು ಅವನ ಕಡೆಗೆ ಸರಿಸಿ, ಕಣ್ಣೊರೆಸಿಕೊಂಡು ತನ್ನ ಬುಟ್ಟಿಗೆ ಕೈಹಾಕಿದಳು.