ಇಲ್ಲದ ಗೋಡೆ ಹಾರಿದವನು

ಗಡಿ ದಾಟಿ ಬಂದು ಆಶ್ರಯ ಕೇಳುವವರನ್ನು ವಿಚಾರಿಸುವ ದುಶಾಂಬೆಯ ಕಚೇರಿಯಲ್ಲಿ ನಜ್ಮುದ್ದೀನ್ ತನ್ನ ಕತೆ ಹೇಳಿ ಮುಗಿಸಿದ. ಗಡಿಯಾಚೆಯ ಕುಂದೂಜಿನಲ್ಲಿ ಸರ್ಕಾರಿ ವಕೀಲನಾಗಿದ್ದವನು, ತಾಲಿಬಾನಿನವರನ್ನು ಜೈಲಿಗೆ ಕಳಿಸಿದವನು. ಅವರು ಊರು ಹಿಡಿದ ದಿನ ಹಿತ್ತಲ ಗೋಡೆ ಹಾರಿ ತಪ್ಪಿಸಿಕೊಂಡೆ ಎಂದ. ನಂಬಿದರೆ ಆಶ್ರಯ. ನಂಬದಿದ್ದರೆ ಗಂಡ ಹೆಂಡತಿ ಇಬ್ಬರನ್ನೂ ಗಡಿಯ ಹೊಳೆಯಾಚೆ ಅದೇ ಜನರ ಕೈಗೆ ಒಪ್ಪಿಸುತ್ತಾರೆ.

ಅಧಿಕಾರಿ ಸವ್ರಿನಿಸೊ ಹಸಿರು ಚಹಾ ಬಗ್ಗಿಸಿ ಕೊಟ್ಟಳು.

"ವಕೀಲರೇ, ನಿಮ್ಮ ಹೆಂಡತೀನ ಬೇರೆ ಕೂರಿಸಿ ಕೇಳಿದಾಗ ಅವರೂ ನೀವು ಗೋಡೆ ಹಾರಿದ್ರಿ ಅಂತಲೇ ಹೇಳಿದ್ರು. ಆದ್ರೆ ಅವರ ಗೋಡೆ ಮನೆ ಮುಂದೆ, ಬಾವಿ ಹತ್ರ ಇದೆ. ಯಾರ ಕಿವಿಗೆ ಹೂವಿಡ್ತಿದೀರಿ?"

ಜೀವನವಿಡೀ ಸಾಕ್ಷಿಗಳ ಬೆವರಿಳಿಸಿದ ನಜ್ಮುದ್ದೀನ್ ಈಗ ತಾನೇ ಬೆವರಿದ. ಬೇರೆ ಅಧಿಕಾರಿಯಾಗಿದ್ದರೆ ಅಲ್ಲಿಗೇ ಕಡತ ಮುಚ್ಚುತ್ತಿದ್ದ. ಒಂದು ಸುಳ್ಳು ಸಿಕ್ಕಿದರೆ ಸಾಕು, ಉಳಿದದ್ದೆಲ್ಲ ಸುಳ್ಳು ಎಂದು ಎಷ್ಟು ಜನರನ್ನು ಅಟ್ಟಿಲ್ಲ ಇವರು. ಈ ಹೆಂಗಸು ಹಾಗಲ್ಲ.

"ಕತೇನ ಪೂರ್ತಿ ಮಾತಾಡ್ಕೊಂಡು ಬಂದಿದ್ರೆ ಗೋಡೆ ಒಂದೇ ಕಡೆ ಇರ್ತಿತ್ತು," ಎಂದಳು. "ಕತೆ ಕಟ್ಟೋರು ಕಷ್ಟಾನ ದೊಡ್ಡದು ಮಾಡ್ತಾರೆ. ನೀವು ಗೋಡೆ ಹಾರಿ ನಿಮ್ಮನ್ನೇ ದೊಡ್ಡವರು ಮಾಡ್ಕೊಂಡಿದೀರಿ. ಗೋಡೆ ಬಿಡಿ ಅಣ್ಣ. ಅವತ್ತು ಬೀದೀಲಿ ಏನು ಕಂಡ್ರಿ, ಅಷ್ಟು ಹೇಳಿ."

"ಅಕ್ಕಪಕ್ಕ ಏನೂ ಕಾಣ್ತಿರಲಿಲ್ಲ ತಂಗಿ. ಮುಂದೆ ನಡೆಯೋರ ಹಿಮ್ಮಡಿ, ಅದೂ ಜಾಲರಿ ಒಳಗಿಂದ."

ಹೀಗೆಂದ ಮೇಲೆ ಅವನಿಗೆ ತಾನೇನು ಹೇಳಿಬಿಟ್ಟೆನೆಂದು ಹೊಳೆಯಿತು. ಅವಳು ಕೆದಕದೆ ಅವನ ಬಟ್ಟಲಿಗೆ ಇನ್ನಷ್ಟು ಚಹಾ ಬಗ್ಗಿಸಿದಳು.

"ಬುರ್ಖಾ ಹಾಕ್ಕೊಂಡಿದ್ದೆ," ಎಂದ. "ನನ್ನ ಹೆಂಡ್ತೀದು. ಮನೇಲಿದ್ದದ್ದು ಒಂದೇ. ಅವಳು ಬರೀ ಶಾಲು ಹೊದ್ದು ಬಂದ್ಲು. ಮುಖ ಮುಚ್ಚಿಲ್ಲ ಅಂತ ದಾರಿ ಚೌಕೀಲಿ ತಾಲಿಬಾನಿನವರು ಅವಳ ಬೆನ್ನಿಗೆ ಬಾರಿಸಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ತುಟಿ ಪಿಟಕ್ ಅನ್ನಲಿಲ್ಲ." ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಸವ್ರಿನಿಸೊ ಅವನನ್ನು ಹೊರಗೆ ಕೂರಿಸಿ ಅವನ ಹೆಂಡತಿ ರೈಹಾನಾಳನ್ನು ಕರೆಸಿದಳು. ಗೋಡೆ ಸುಳ್ಳೆಂದಷ್ಟೇ ತಿಳಿಸಿ, ಅವನು ಆಡಿದ್ದನ್ನೇನೂ ಬಾಯಿಬಿಡದೆ, ಅವಳಿಗೂ ಅದೇ ಪ್ರಶ್ನೆ ಹಾಕಿದಳು. ಬೀದಿ, ಬುರ್ಖಾ, ಚೌಕಿ, ಏಟು ಎಲ್ಲ ತಾಳೆಯಾಯಿತು. ಆಮೇಲೆ ಅವನನ್ನು ಒಳಗೆ ಕರೆದು, "ನಂಬಿದೀನಿ. ಆಶ್ರಯ ಕೊಡಿ ಅಂತ ಬರೀತೀನಿ," ಎಂದಳು. ಅಬ್ಬಾ, ಇಷ್ಟು ವರ್ಷ ವಕೀಲಿಕೆ ಮಾಡಿದರೂ ತನಗೆ ಹೀಗೆ ಕೇಳಲು ಬರುತ್ತಿರಲಿಲ್ಲ ಎಂದುಕೊಂಡ ನಜ್ಮುದ್ದೀನ್.

ಹೆಂಡತಿಯ ಕಡೆ ಕತ್ತೆತ್ತಲು ಮಾತ್ರ ಅವನಿಂದಾಗಲಿಲ್ಲ. "ಎಲ್ಲಾ ಹೇಳ್ಬಿಟ್ಟೆ ಕಣೇ," ಎಂದ.

"ನಾನೂ ಹೇಳ್ದೆ. ಅದಕ್ಯಾಕೆ ಮುಖ ಇಳಿಬಿಡ್ತೀರಿ?" ಎಂದಳು ರೈಹಾನಾ. "ಅವತ್ತು ನೀವು ಬಾಯಿ ಬಿಟ್ಟಿದ್ರೆ ನಾನು ತಿಂದ ಏಟೆಲ್ಲ ದಂಡವಾಗ್ತಿತ್ತು."