ಗಾಳಿ ಕುಡಿದವನು

"ಏಯ್ ಮುಂಡೇದೆ, ನೀನಾಗೇ ಗುಂಡಿಗೆ ಇಳೀತೀಯೋ, ಒದ್ದು ಇಳಿಸ್ಲೋ? ಇವತ್ತು ಆ ಕೆಮ್ಮು ನಿಲ್ಲಬೇಕು, ಅಷ್ಟೇ."

ಯಜಮಾನರು ಈಜುಕೊಳದ ಆಚೆ ದಡದಲ್ಲಿ ನಿಂತು ಕೂಗಿದರು. ಗುಂಡಿಯ ಹತ್ತಿರ ಮಾತ್ರ ಬರಲಿಲ್ಲ. ಮನೆಯ ಹಿಂದೆ, ನೆಲದಡಿಯ ಆ ಗುಂಡಿಯಲ್ಲೇ ಕೊಳದ ಪಂಪು, ಮರಳು ತುಂಬಿದ ಫಿಲ್ಟರ್ ಇರುವುದು. ನನ್ನ ತಮ್ಮ ಸತ್ತದ್ದೂ ಅಲ್ಲೇ.

ಅವನು ಹೋದಮೇಲೆ ಕೊಳ ಕೆಮ್ಮತೊಡಗಿತ್ತು. ಫಿಲ್ಟರಿನಿಂದ ನೀರು ವಾಪಸ್ಸು ಬಂದು ಬೀಳುವ ಬಾಯಲ್ಲಿ ಖೊಕ್, ಖೊಕ್, ಆಮೇಲೆ ಉಸಿರೆಳೆದಂತೆ ಉದ್ದನೆಯ ಸದ್ದು. ಅಮ್ಮಾವರು ಆ ಕಡೆಯ ಕಿಟಕಿ ತೆಗೆಯುವುದನ್ನೇ ಬಿಟ್ಟರು. ಅಂಗಡಿಯಿಂದ ಬಂದ ಮೆಕ್ಯಾನಿಕ್ ಗುಂಡಿಯೊಳಗೆ ಇಣುಕಿ, ಹೊಟ್ಟೆನೋವು ಅಂತ ಹೇಳಿ ಜಾಗ ಖಾಲಿ ಮಾಡಿದ. ಕೊನೆಗೆ ಅವರ ಕಣ್ಣಿಗೆ ಬಿದ್ದವಳು ಕಸ ಗುಡಿಸುವ ನಾನು. ತಮ್ಮ ಇದ್ದಾಗ ಅವನಿಗೆ ಸ್ಪ್ಯಾನರ್ ಎತ್ತಿಕೊಟ್ಟು, ಬುಟ್ಟಿ ತೊಳೆದುಕೊಟ್ಟು ಅಭ್ಯಾಸವಿತ್ತಲ್ಲ.

ಇಳಿದೆ. ಗಂಟಲು ಕೆರೆಯುವ ಆ ವಾಸನೆ ಸಿಮೆಂಟಿನಲ್ಲಿ ಇನ್ನೂ ಕೂತಿತ್ತು.

ತಮ್ಮ ಸತ್ತ ದಿನ ನೆಂಟರು ಬರುವವರಿದ್ದರು. ಕೊಳ ಪಾಚಿಗಟ್ಟಿ ಹಸಿರಾಗಿತ್ತು. "ಬ್ಲೀಚಿಂಗ್ ಪುಡಿ, ಆಸಿಡ್ಡು ಎರಡೂ ಒಟ್ಟಿಗೇ ಡ್ರಮ್ಮಿಗೆ ಸುರಿಯೋ, ಬೇಗ ತಿಳಿಯಾಗ್ಲಿ," ಅಂದಿದ್ದರು ಯಜಮಾನರು.

"ಬೇಡ ಯಜಮಾನ್ರೇ, ಉಸಿರು ಕಟ್ಟೋ ಹೊಗೆ ಏಳುತ್ತೆ."

"ನನಗೇ ಬುದ್ಧಿ ಹೇಳ್ತೀಯೇನೋ ಬೋಳಿಮಗನೆ? ಗುಂಡಿ ಮುಚ್ಚಳ ಎಳ್ಕೊಂಡು ಮಾಡು. ವಾಸನೆ ಮೇಲೆ ಬರಬಾರದು."

ಬೇಡವೆಂದವನೇ ಇಳಿದ. ನನ್ನನ್ನು ಮುಂಬಾಗಿಲಿಗೆ, ಬಂದವರ ಚಪ್ಪಲಿ ಜೋಡಿಸಲು ಅಟ್ಟಿದರು. ನೆಂಟರಿಗೆ ಚಂದ ಕಾಣಲಿ ಅಂತ ಯಾರೋ ಆ ಕಬ್ಬಿಣದ ಮುಚ್ಚಳದ ಮೇಲೆ ದೊಡ್ಡದೊಂದು ಹೂಕುಂಡ ಇಟ್ಟರು. ಊಟ ಮುಗಿದ ಮೇಲೆ ಅದನ್ನು ಸರಿಸಿದ್ದು.

ಕುಡಿದು ಬಿದ್ದ ಅಂದುಬಿಟ್ಟರು. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದವನನ್ನು. ಈಗ ನಮ್ಮ ಬೀದಿಯಲ್ಲಿ ಅವನ ಮಗಳಿಗೆ ಬೇರೆ ಹೆಸರೇ ಇಲ್ಲ. ನಲ್ಲಿಯ ಹತ್ತಿರ ಹೋದರೂ, ಅಂಗಡಿಗೆ ಹೋದರೂ, ಕುಡುಕನ ಮಗಳು.

ಗುಂಡಿಯೊಳಗೆ ನಾನು ಸ್ವಿಚ್ಚು ಆರಿಸಿ ಪಂಪಿನ ಗಾಜಿನಂಥ ಮುಚ್ಚಳ ತಿರುಗಿಸಿದೆ. ಜರಡಿ ಬುಟ್ಟಿಯಲ್ಲಿ ಎಲೆ, ಉದ್ದ ಕೂದಲು, ತಲೆಗೆ ಹಾಕುವ ಒಂದು ಕ್ಲಿಪ್ಪು. ಮುಚ್ಚಳದಡಿ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆ ಒಂದು ಕಡೆ ಸೀಳಿತ್ತು. "ಪಂಪು ಗಾಳಿ ಕುಡೀತಿದೆ ಅಕ್ಕ, ಅದಕ್ಕೇ ಕೆಮ್ತಿದೆ," ಅಂತ ತಮ್ಮ ಹಿಂದೊಮ್ಮೆ ನಕ್ಕಿದ್ದ. ಇನ್ನೊಂದು ಬಳೆ ಅವನೇ ತಂದು ಗೋಡೆಯ ಮೊಳೆಗೆ ಸಿಕ್ಕಿಸಿಟ್ಟಿದ್ದ. ಅದನ್ನು ಹಾಕಿ ಸ್ವಿಚ್ಚು ಒತ್ತಿದೆ.

ಖೊಕ್ ಅಂತ ಒಂದು ಸಲ. ಆಮೇಲೆ ಏನೂ ಇಲ್ಲ.

ಅಷ್ಟು ನಿಶ್ಶಬ್ದ ನನಗೆ ಬೇಕಿರಲಿಲ್ಲ. ದಿನಾ ಬೆಳಿಗ್ಗೆ ಗೇಟು ದಾಟಿದೊಡನೆ ಆ ಕೆಮ್ಮು ಕೇಳಿ, ಇದ್ದಾನೆ ಅಂದುಕೊಂಡೇ ಪೊರಕೆ ಹಿಡಿಯುತ್ತಿದ್ದೆ. ಗಾಳಿ ಅಂತ ಗೊತ್ತಿತ್ತು. ಗೊತ್ತಿದ್ದರೇನು.

ಮೇಲೆ ಕಿಟಕಿ ತೆರೆದ ಸದ್ದಾಯಿತು. "ಹೋಯ್ತಾ? ಅಬ್ಬ, ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೇ," ಅಂದರು ಅಮ್ಮಾವರು. ನಾನು ಮೇಲೆ ಬಂದಾಗ ಯಜಮಾನರ ಮುಖ ಸಡಿಲವಾಗಿತ್ತು.

"ಯಜಮಾನ್ರೇ, ಒಂದು ಮಾತು," ಅಂದೆ. "ಅವನು ಕುಡಿದಿರ್ಲಿಲ್ಲ ಅಂತ ಒಂದ್ಸಲ ಬಾಯ್ಬಿಟ್ಟು ಹೇಳಿ. ನಮ್ಮ ಬೀದಿಯವರ ಹತ್ರ ನಾನೇ ಹೇಳ್ಕೋತೀನಿ, ಯಜಮಾನ್ರೇ ಒಪ್ಪಿದ್ರು ಅಂತ. ಮಗು ತಲೆಯೆತ್ಕೊಂಡು ಓಡಾಡ್ಲಿ."

"ಕುಡಿದಿದ್ದ."

"ನಿಮಗೂ ಗೊತ್ತಲ್ವಾ."

"ಕುಡಿದಿದ್ದ ಅಂದ್ನಲ್ಲ. ಕುಡಿದ, ಬಿದ್ದ, ಸತ್ತ. ಇನ್ನೊಂದ್ಸಲ ಬಾಯಿ ತೆಗೆದ್ರೆ ನಿನ್ನನ್ನೂ ಅಲ್ಲೇ ಹಾಕಿ ಮುಚ್ಚಳ ಎಳೀತೀನಿ."

ಅಮ್ಮಾವರು ಕಿಟಕಿಯಲ್ಲೇ ಇದ್ದರು. ಬೇರೆಲ್ಲೋ ನೋಡುತ್ತಿದ್ದರು.

"ಆಯ್ತು ಯಜಮಾನ್ರೇ, ಕುಡಿದಿದ್ದ," ಅಂದೆ. "ಸ್ಪ್ಯಾನರ್ ಕೆಳಗೇ ಬಿಟ್ಟೆ, ತರ್ತೀನಿ."

ಮತ್ತೆ ಇಳಿದೆ. ಸ್ವಿಚ್ಚು ಆರಿಸಿ, ಮುಚ್ಚಳ ತಿರುಗಿಸಿ, ಅವನು ತಂದಿಟ್ಟ ಬಳೆ ಎಳೆದು ತೆಗೆದೆ. ಸೀಳಿದ್ದನ್ನೇ ವಾಪಸ್ಸು ಕೂರಿಸಿದೆ. ಕುಡಿಯಪ್ಪ, ಅಂದೆ ಪಂಪಿಗೆ. ಹೊಟ್ಟೆ ತುಂಬಾ ಕುಡಿ. ಸ್ವಿಚ್ಚು ಒತ್ತಿ, ಸ್ಪ್ಯಾನರನ್ನು ಏಣಿಯ ಬುಡದಲ್ಲಿಟ್ಟು ಹತ್ತಿದೆ. ಪೊರಕೆಯನ್ನೂ ಗೋಡೆಗೆ ಒರಗಿಸಿ ಗೇಟಿನತ್ತ ನಡೆದೆ.

ಗೇಟಿನ ಕಾವಲಿನವನು ನನ್ನ ಕೈ ನೋಡಿದ. ರಬ್ಬರ್ ಬಳೆ ದೊಡ್ಡದು, ಎರಡು ಸುತ್ತು ಸುತ್ತಿ ಹಾಕಿಕೊಂಡಿದ್ದೆ.

"ಏನಕ್ಕ, ಹೊಸ ಬಳೆ?"

"ತಮ್ಮ ತಂದಿಟ್ಟಿದ್ದ."

ಅವನ ನಗು ಅರ್ಧಕ್ಕೇ ನಿಂತಿತು. ಹಿಂದೆ ಕೊಳ ಕೆಮ್ಮಿತು. ದಢಾರನೆ ಕಿಟಕಿ ಮುಚ್ಚಿತು. ಯಜಮಾನರು ಯಾರನ್ನೋ ಕೂಗುತ್ತಿದ್ದರು. ಗುಂಡಿಗೆ ಇಳಿಯುವವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ.