ನೆನಪು ಮರಳಿದ ಇಲಿಗಳು

ಭೂರಿಬಾಯಿಗೆ ಮರೆವು ಹತ್ತಿದೆಯೆಂದು ಸೊಸೆ ಸುರೇಖಾಗೆ ಮೊದಲು ಗೊತ್ತಾದದ್ದು ಗೋವಾದ ಕಲಂಗುಟ್ ಬೀಚಿನಲ್ಲಿ. ಅತ್ತೆ ಸೊಸೆ ಇಬ್ಬರೂ ಡಿಚೋಲಿಯಿಂದ ಬೆಳಗಿನ ಬಸ್ಸು ಹಿಡಿದು ಹೋಗಿ, ಕನ್ನಡಿ ಕೂರಿಸಿದ ಚೀಲ, ಹೊದಿಕೆ, ಕಾಲ್ಗೆಜ್ಜೆಗಳನ್ನು ತೋಳಿಗೆ ಹೇರಿಕೊಂಡು ಮರಳಿನಲ್ಲಿ ಸಂಜೆಯ ತನಕ ತಿರುಗುತ್ತಿದ್ದರು. ಭೂರಿಬಾಯಿ ಶಾಲೆಯ ಮುಖ ಕಂಡವಳಲ್ಲ. ಆದರೂ ರಷ್ಯದವರೊಡನೆ ಅವರ ಮಾತಿನಲ್ಲಿ, ದಿಲ್ಲಿಯವರೊಡನೆ ಇವರ ಮಾತಿನಲ್ಲಿ ಚೌಕಾಸಿ ಮಾಡಿ, ನಗಿಸಿ, ಬೇಡವೆಂದವರ ಕೈಗೂ ಏನಾದರೊಂದು ಕೊಟ್ಟೇ ಕಳಿಸುವ ಹೆಂಗಸು. ಅಂಥವಳು ಒಂದು ಮಧ್ಯಾಹ್ನ ಗಂಟು ಬಿಚ್ಚಿಟ್ಟುಕೊಂಡು, ಹೋಗಿಬರುವವರಿಗೆಲ್ಲ ಪುಕ್ಕಟೆಯಾಗಿ ಹಂಚುತ್ತ ಕುಳಿತಿದ್ದಳು. ಸುರೇಖಾ ಓಡಿಬಂದು ಕೈ ಹಿಡಿದಾಗ ಮುಖ ಎತ್ತಿ ಕೇಳಿದಳು: “ನೀ ಯಾರ ಪೈಕಿ ಬೇ?”

ಅಲ್ಲಿಗೆ ಬೀಚಿನ ವ್ಯಾಪಾರ ಮುಗಿಯಿತು.

ಮಾವ ಪಾಂಡಪ್ಪ ಗಣಿಯಲ್ಲಿ ದುಡಿಯಲೆಂದು ವಿಜಯಪುರದ ಕಡೆಯ ಲಂಬಾಣಿ ತಾಂಡಾದಿಂದ ಬಂದವನು, ಗಣಿ ಮುಚ್ಚಿದ ವರ್ಷವೇ ತೀರಿಹೋಗಿದ್ದ. ಮಗ ಸೋಮನಾಥ ಟ್ರಕ್ ಓಡಿಸುತ್ತಿದ್ದ. ಅವನಿಗೂ ಸುರೇಖಾಗೂ ಮಕ್ಕಳಾಗಲಿಲ್ಲ. ತಾಂಡಾದ ಹಿರಿಯರು ಇನ್ನೊಂದು ಹೆಣ್ಣು ನೋಡಿದ್ದೇವೆಂದು ಬಂದಾಗ ಭೂರಿಬಾಯಿ ಬಾಗಿಲಲ್ಲೇ ನಿಂತು, “ನನ್ನ ಸೊಸಿ ಇರೂ ಮನ್ಯಾಗ ಆ ಮಾತು ಆಡಬ್ಯಾಡ್ರಿ” ಎಂದು ಚಹಾ ಕೂಡ ಕೊಡದೆ ಕಳಿಸಿದ್ದಳು. ತಾಯಿಯಿಲ್ಲದೆ ಬೆಳೆದ ಸುರೇಖಾ ಅಂದಿನಿಂದ ಅವಳನ್ನು ಅತ್ತೆ ಎಂದು ಕರೆಯಲಿಲ್ಲ. ಗಂಡ ಕರೆಯುವಂತೆ ಲಂಬಾಣಿಯಲ್ಲಿ ‘ಯಾಡಿ’ ಎಂದೇ ಕರೆದಳು, ತಾಯಿ ಎಂದು.

ಸುರೇಖಾಗೆ ಊರ ಹೊರಗಿನ ಔಷಧ ಸಂಶೋಧನೆಯ ಕಟ್ಟಡದಲ್ಲಿ ಕೆಲಸ ಸಿಕ್ಕಿತು. ಪಂಜರ ತೊಳೆಯುವುದು, ಇಲಿಗಳ ಕೆಳಗಿನ ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು. ಹೋಗುವಾಗ ಯಾಡಿಯನ್ನು ಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಬೀಗ ಹಾಕಬೇಕಾಗುತ್ತಿತ್ತು. ಹಾಕದಿದ್ದರೆ ಮುದುಕಿ ಹೆದ್ದಾರಿಗೆ ನಡೆದುಬಿಡುತ್ತಿದ್ದಳು. ಪಕ್ಕದ ಕೋಣೆಯ ದುರ್ಗಾಬಾಯಿ ಕಿಟಕಿಯಿಂದ ಆಗಾಗ ಮಾತಾಡಿಸುವಳು. ಸಂಜೆ ಬಂದು ಬೀಗ ತೆಗೆದರೆ ಒಳಗೆ ಮಲಮೂತ್ರದ ವಾಸನೆ, ಚೆಲ್ಲಿದ ಅನ್ನ, ಮೂಲೆಯಲ್ಲಿ ಮೊಣಕಾಲು ತಿಕ್ಕುತ್ತ ಅಳುವ ಯಾಡಿ. ಒಮ್ಮೆ ಸುರೇಖಾ ನೆಲ ಒರೆಸುತ್ತ ದುರ್ಗಾಬಾಯಿಯ ಮುಂದೆ, “ಇಕಿನ್ನ ದೇವರು ಕರಕೊಂಡ್ರ ಇಕಿಗೂ ಬಿಡುಗಡಿ, ನನಗೂ ಬಿಡುಗಡಿ” ಎಂದುಬಿಟ್ಟಳು. ಹೊಸಲಲ್ಲಿ ಚಪ್ಪಲಿ ಬಿಡುತ್ತಿದ್ದ ಸೋಮನಾಥ ಅದನ್ನು ಕೇಳಿಸಿಕೊಂಡ.

ಆ ಮಳೆಗಾಲ ಸಂಶೋಧನೆಯ ಕಟ್ಟಡಕ್ಕೆ ಒಂದು ದೊಡ್ಡ ದುಂಡು ತೊಟ್ಟಿ ಬಂತು. ಅದರಲ್ಲಿ ನೀರು ತುಂಬಿ ಹಾಲಿನ ಪುಡಿ ಕದಡಿ ಬೆಳ್ಳಗೆ ಮಾಡುತ್ತಿದ್ದರು. ನೀರಿನ ಅಡಿಯಲ್ಲಿ ಒಂದು ಕಡೆ ಕಾಲೂರಲು ಸಣ್ಣ ಮಣೆ. ಇಲಿಯನ್ನು ನೀರಿಗೆ ಬಿಟ್ಟರೆ ಅದು ಈಜಿ ಈಜಿ ಆ ಮಣೆ ಹುಡುಕಬೇಕು. ಆರೋಗ್ಯದ ಇಲಿ ಕೆಲವು ದಿನಕ್ಕೆ ಕಲಿತುಬಿಡುತ್ತದೆ. ಆದರೆ ಇವು ಮದ್ದು ಚುಚ್ಚಿ ಮರೆವು ಬರಿಸಿದ ಇಲಿಗಳು. ನಿನ್ನೆ ಕಂಡ ಮಣೆ ಇವತ್ತು ನೆನಪಿರುತ್ತಿರಲಿಲ್ಲ, ಗೋಡೆಯುದ್ದಕ್ಕೂ ಸುತ್ತಿ ಸುತ್ತಿ ಸುಸ್ತಾಗುತ್ತಿದ್ದವು. ಎತ್ತಿ ಕೊಟ್ಟಾಗ ಸುರೇಖಾ ಅವುಗಳನ್ನು ಬಟ್ಟೆಯಲ್ಲಿ ಸುತ್ತಿ, ದೀಪದ ಕೆಳಗೆ ಒಣಗಿಸುತ್ತಿದ್ದಳು. ಅಂಗೈಯಲ್ಲಿ ಅವುಗಳ ಎದೆ ಡವಗುಟ್ಟುತ್ತಿತ್ತು.

ಈ ಕೆಲಸ ನಡೆಸುತ್ತಿದ್ದವಳು ಫಿರ್ದೋಸ, ಹುಬ್ಬಳ್ಳಿಯ ಹುಡುಗಿ. ಡಾಕ್ಟರೇಟಿಗೆ ಓದುತ್ತಿದ್ದಳು. ಗೋವಾದಲ್ಲಿ ಕನ್ನಡ ಆಡುವವರು ಸಿಕ್ಕರೆಂದು ಸುರೇಖಾಳನ್ನು ಅಕ್ಕಾ ಎನ್ನುತ್ತಿದ್ದಳು. ಇಲಿಗಳಲ್ಲಿ ಅರ್ಧಕ್ಕೆ ಒಂದು ಔಷಧ ಕುಡಿಸುತ್ತಿದ್ದಳು, ಅರ್ಧಕ್ಕೆ ಬರೀ ನೀರು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಔಷಧ ಕುಡಿದ ಇಲಿಯೊಂದು ನೀರಿಗೆ ಬಿದ್ದ ಕೂಡಲೇ ತಿರುಗಿ, ನೆಟ್ಟಗೆ ಮಣೆಗೆ ಹೋಗಿ ಕುಳಿತಿತು. ಅದರ ಹಿಂದೆ ಬಿಟ್ಟದ್ದೂ ಹಾಗೆಯೇ. ಫಿರ್ದೋಸ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು.

“ನೋಡ್ರಿ ಅಕ್ಕಾ! ಒಂದೂ ಮರತಿಲ್ಲ.”

ಸುರೇಖಾ ಒದ್ದೆ ಇಲಿಯನ್ನು ಬಟ್ಟೆಯಲ್ಲಿ ಹಿಡಿದುಕೊಂಡೇ ಕೇಳಿದಳು, “ಯಾವ ಔಷಧ ಮೇಡಂ ಇದು?”

“ಹೊಸಾದೇನಲ್ರಿ. ಮುಟ್ಟಿನ ಹೊಟ್ಟಿನೋವಿಗೆ ನಾವು ನುಂಗ್ತೀವಲ್ಲ, ಅದೇ ಗುಳಿಗಿ. ಬಾವು, ನೋವು ಇಳಸ್ತೈತಿ. ಮಿದುಳಿನ ಬಾವೂ ಇಳಸ್ತೈತೇನು ಅಂತ ನೋಡಾಕತ್ತೇವಿ.”

ಆ ಗುಳಿಗೆಯ ಪಟ್ಟಿ ಸುರೇಖಾಳ ಕೈಚೀಲದಲ್ಲೇ ಇತ್ತು. “ಮೇಡಂ, ನಮ್ಮ ಯಾಡಿಗೆ ಹಿಂಗ ಮರವು ಆಗೇತಿ. ಅಕಿಗೆ ಕೊಟ್ರ?”

ಫಿರ್ದೋಸಳ ಮುಖದ ನಗು ನಿಂತಿತು. “ಬ್ಯಾಡ್ರಿ ಅಕ್ಕಾ. ಇದು ಇಲಿ ಮಾತು. ಇಲಿಗೆ ಚಲೋ ಆಗಿದ್ದು ಮನಷ್ಯಾರಿಗೆ ಆಗೂದು ಭಾಳ ಕಡಿಮಿ. ವಯಸ್ಸಾದವರಿಗೆ ಹೊಟ್ಯಾಗ ಹುಣ್ಣು ಮಾಡ್ತೈತಿ, ಕಿಡ್ನಿಗೂ ಕೆಟ್ಟ. ಅವರು ಬ್ಯಾರೆ ಏನರ ಗುಳಿಗಿ ತಗೋತಾರೇನು?”

“ಬಿಪಿದು ಐತಿ. ಹ್ವಾದ ವರ್ಷ ಲಕ್ವಾ ಹೊಡದು ಬಾಯಿ ಸೊಟ್ಟ ಆಗಿತ್ತು, ರಕ್ತ ತೆಳ್ಳಗ ಆಗಾಕ ಒಂದು ಕೊಟ್ಟಾರ.”

“ಹಂಗಿದ್ರಂತೂ ಕೊಡಬಾರದು. ನನ್ನ ಮಾತು ಕೇಳ್ರಿ.”

“ಹೌದ್ರಿ,” ಎಂದಳು ಸುರೇಖಾ.

ಕೇಳಬೇಕೆಂದೇ ಇದ್ದಳು. ಆದರೆ ಆ ಸಂಜೆ ಬೀಗ ತೆಗೆದಾಗ ಯಾಡಿ ಅವಳನ್ನು ಕಂಡು ಹೆದರಿ, “ಹೊಡಿಬ್ಯಾಡ, ಹೊಡಿಬ್ಯಾಡ” ಎಂದು ಮುಖ ಮುಚ್ಚಿಕೊಂಡಳು. ಸುರೇಖಾ ಎಂದೂ ಅವಳ ಮೇಲೆ ಕೈ ಎತ್ತಿದವಳಲ್ಲ. ರಾತ್ರಿಯಿಡೀ ಕಣ್ಣ ಮುಂದೆ ನೆಟ್ಟಗೆ ಈಜುತ್ತಿದ್ದ ಇಲಿಗಳು. ಮರುದಿನ ಬೆಳಿಗ್ಗೆ ಒಂದು ಗುಳಿಗೆ ಪುಡಿಮಾಡಿ ಬೆಲ್ಲದ ನೀರಿನಲ್ಲಿ ಕಲಸಿ ಕುಡಿಸಿದಳು. ಯಾಡಿ ಆಗ ಏನೂ ತಿಂದಿರಲಿಲ್ಲ. ಬೆಳಗಿನ ಹೊತ್ತು ತಿನ್ನಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಬೇಡವೆನ್ನುತ್ತಾನೆ, ಇದ್ದ ಒಂದು ದಾರಿಯೂ ಮುಚ್ಚುತ್ತದೆ ಎಂದು ಹೆದರಿದಳು.

ವಾರ ತುಂಬುವುದರೊಳಗೆ ಯಾಡಿ ಅಳುವುದು ನಿಂತಿತು. ಒಂದು ಸಂಜೆ ಎದ್ದು ಕಿಟಕಿಯ ಹತ್ತಿರ ನಿಂತಿದ್ದಳು. ಇನ್ನೊಂದು ಸಂಜೆ ಹೊದಿಕೆಗಳನ್ನು ತಾನೇ ಮಡಚಿಟ್ಟಿದ್ದಳು, ಹಳೆಯ ವ್ಯಾಪಾರದ ಮಡಿಕೆಯಲ್ಲಿ, ಅಂಚಿಗೆ ಅಂಚು ಕೂಡಿಸಿ. ಭಾನುವಾರ ಸುರೇಖಾ ತಲೆ ಬಾಚುತ್ತಿದ್ದಾಗ ಹಿಂದಕ್ಕೆ ಕೈ ಚಾಚಿ ಅವಳ ಮಣಿಕಟ್ಟು ಹಿಡಿದು, “ಸುರೇಖೀ, ಮೆಲ್ಲಕ ಬಾಚs” ಎಂದಳು.

ಸುರೇಖಾ ಬಾಚಣಿಗೆ ಕೆಳಗಿಟ್ಟು ಗಂಡನ ಕಡೆ ತಿರುಗಿದಳು. ಮೂಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಸೋಮನಾಥ ಎದ್ದು ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತ. “ನಾ ಯಾರು ಯಾಡಿ? ನನ್ನ ಹೆಸರೇನು?” ಯಾಡಿ ಅವನನ್ನು ನೋಡಿ ನಕ್ಕಳು. ಹೆಸರು ಹೇಳಲಿಲ್ಲ, ಆದರೂ ನಕ್ಕಳು. ಆ ದಿನ ಸೋಮನಾಥ ಪೇಟೆಗೆ ಹೋಗಿ ಮೀನು ತಂದ. ಗಂಡ ಹೆಂಡತಿ ಬಹಳ ದಿನಗಳ ಮೇಲೆ ನಗುನಗುತ್ತ ಉಂಡರು. ಮರುದಿನದಿಂದ ಸುರೇಖಾ ಸಂಜೆಯೂ ಒಂದು ಗುಳಿಗೆ ಕೊಡತೊಡಗಿದಳು.

ಇಲಿಗಳ ಕೆಲಸ ಮುಗಿದ ದಿನ ಫಿರ್ದೋಸ ಎಲ್ಲ ಪಂಜರಗಳನ್ನೂ ಒಳಗಿನ ಕೋಣೆಗೆ ತರಿಸಿದಳು. ಆ ಕೋಣೆಗೆ ಹೋದ ಇಲಿ ಜೀವಸಹಿತ ಮರಳುವುದಿಲ್ಲವೆಂದು ಸುರೇಖಾಗೆ ಗೊತ್ತಿತ್ತು.

“ಚಲೋ ಆದವನ್ನೂ?”

“ಎಲ್ಲಾನೂ ಅಕ್ಕಾ. ಮಿದುಳು ತಗದು ನೋಡಬೇಕು. ನೋವಾಗೂದಿಲ್ರಿ, ನಿದ್ದಿ ಹತ್ತಿಸಿ ಮಾಡ್ತೀವಿ.”

“ಮತ್ತ ಮುಂದ ಅವಕ್ಕ ನೆನಪು ಉಳೀತಿತ್ತೋ ಇಲ್ಲೋ, ಗುಳಿಗಿಯಿಂದ ಏನರ ಆಗ್ತಿತ್ತೋ, ಹೆಂಗ ಗೊತ್ತಾಗ್ತೈತ್ರಿ?”

ಫಿರ್ದೋಸ ಕೈಗವಸು ಹಾಕಿಕೊಳ್ಳುತ್ತಿದ್ದವಳು ತಡೆದು ನಿಂತಳು. “ಗೊತ್ತಾಗೂದಿಲ್ಲ ಅಕ್ಕಾ. ಅಷ್ಟು ದಿನ ನಾವು ಅವನ್ನ ಇಡೂದಿಲ್ಲ.”

ಸುರೇಖಾ ದಾರಿಯುದ್ದಕ್ಕೂ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದಳು. ಕುಳಿತುಕೊಳ್ಳಲು ಜಾಗವಿದ್ದದ್ದು ಕಾಣಲಿಲ್ಲ. ಇನ್ನು ಕೊಡಬಾರದು ಎಂದುಕೊಂಡಳು. ಆ ರಾತ್ರಿ ಕೊಡಲಿಲ್ಲ. ಬೆಳಿಗ್ಗೆ ಯಾಡಿ ಮತ್ತೆ ಮೊಣಕಾಲು ತಿಕ್ಕುತ್ತ, ಅವಳನ್ನು ಪಿಳಿಪಿಳಿ ನೋಡುತ್ತ, “ನೀ ಯಾರs?” ಎಂದಳು. ಸುರೇಖಾ ಬೆಲ್ಲದ ಡಬ್ಬಿ ಇಳಿಸಿದಳು.

ಆಮೇಲಿನ ದಿನಗಳಲ್ಲಿ ಯಾಡಿ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. ಬಟ್ಟೆ ಬದಲಿಸುವಾಗ ಮಲ ಡಾಂಬರಿನಂತೆ ಕಪ್ಪಗಿದ್ದುದನ್ನು ಸುರೇಖಾ ಕಂಡಳು. ಏನೋ ತಿಂದದ್ದು ಒಗ್ಗಿಲ್ಲವೆಂದು ತನಗೆ ತಾನೇ ಹೇಳಿಕೊಂಡು ತೊಳೆದುಹಾಕಿದಳು.

ದುರ್ಗಾಬಾಯಿಯ ಫೋನು ಬಂದಾಗ ಅವಳು ಪಂಜರ ತೊಳೆಯುತ್ತಿದ್ದಳು. “ಲಗೂ ಬಾರs ಸುರೇಖಾ! ಕಿಟಕ್ಯಾಗಿಂದ ನೋಡಿದೆ, ರಕ್ತ ಕಾರ್ಯಾಳ. ಕೆಳಗ ಬಿದ್ದಾಳ. ಬೀಗ ಹಾಕೇತಿ!”

“ಒಡೀರಿ! ಬೀಗ ಒಡೀರಿ ದುರ್ಗಕ್ಕಾ!”

ಓಣಿಯವರು ಕಲ್ಲಿನಿಂದ ಜಜ್ಜಿ ಬಾಗಿಲು ತೆರೆದಿದ್ದರು. ಅವಳು ಮನೆ ಮುಟ್ಟುವಷ್ಟರಲ್ಲಿ ಯಾಡಿಯನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ಒಳಗೆ ಬಾಗಿಲ ಹಿಂದೆಯೇ ರಕ್ತ ಮಡುಗಟ್ಟಿತ್ತು. ಮುದುಕಿ ಹೊರಬರಲೆಂದು ಅಲ್ಲಿಯ ತನಕ ತೆವಳಿದ್ದಳು.

ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಹಿಂದಿಯಲ್ಲಿ ಕೇಳಿದರು, ನೋವಿನ ಗುಳಿಗೆ ಏನಾದರೂ ಕೊಡುತ್ತಿದ್ದಿರಾ? ಸೋಮನಾಥ ಆಗತಾನೇ ಓಡಿಬಂದು ತಾಯಿಯ ಪಾದ ಹಿಡಿದು ನಿಂತಿದ್ದ. “ನಹೀಂ,” ಎಂದ ಅವನು. ಡಾಕ್ಟರು ಸುರೇಖಾಳ ಕಡೆ ನೋಡಿದರು. ಅವಳೂ ಇಲ್ಲವೆಂದು ತಲೆಯಾಡಿಸಿದಳು.

ರಕ್ತ ಏರಿಸಿದರು. ಏರಿದ್ದಕ್ಕಿಂತ ಹೆಚ್ಚು ಹೋಗುತ್ತಿತ್ತು. ಎಲ್ಲಿಂದ ಹೋಗುತ್ತಿದೆ, ಯಾಕೆ ಎಂದು ಕನ್ನಡ ಬಲ್ಲ ನರ್ಸಮ್ಮ ಒಬ್ಬಳು ಮತ್ತೊಮ್ಮೆ ಕೇಳಲು ಬಂದಾಗ ಸುರೇಖಾ ಗೋಡೆಗೆ ಆತು ಎಲ್ಲವನ್ನೂ ಹೇಳಿದಳು. ಗುಳಿಗೆಯ ಪಟ್ಟಿ ತೆಗೆದು ಕೊಟ್ಟಳು. ನರ್ಸಮ್ಮ ಬೈಯಲಿಲ್ಲ. “ಬಂದ ಕೂಡ್ಲೆ ಹೇಳಬೇಕಿತ್ತವಾ,” ಎಂದಷ್ಟೇ ಹೇಳಿ ಪಟ್ಟಿ ಹಿಡಿದು ಒಳಗೆ ಓಡಿದಳು. ತಿರುಗಿದರೆ ಸೋಮನಾಥ ಹಿಂದೆಯೇ ನಿಂತಿದ್ದ.

ಭೂರಿಬಾಯಿ ಮರುದಿನ ಬೆಳಿಗ್ಗೆ ತೀರಿಕೊಂಡಳು. ಕೊನೆಗೂ ಯಾರನ್ನೂ ಗುರುತಿಸಲಿಲ್ಲ.

ಸುಟ್ಟು ಬಂದ ಮೇಲೆ ಸೋಮನಾಥ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತ. ತಲೆ ಎತ್ತದೆ ಕೇಳಿದ. “ಖರೇ ಹೇಳು. ಅಕಿ ಚಲೋ ಆಗ್ಲಿ ಅಂತ ಕೊಟ್ಯೋ, ಹೋಗ್ಲಿ ಅಂತ ಕೊಟ್ಯೋ?”

“ಚಲೋ ಆಗ್ಲಿ ಅಂತ. ಯಾಡಿ ಆಣಿ ಮಾಡ್ತೀನ್ರಿ, ಚಲೋ ಆಗ್ಲಿ ಅಂತನ ಕೊಟ್ಟೆ.”

ಸತ್ಯವನ್ನೇ ಹೇಳಿದ್ದಳು. ಆದರೆ ಹೇಳಿದ ದನಿ ಅವಳ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಕಪ್ಪು ಮಲ ಕಂಡೂ ತೊಳೆದುಹಾಕಿದ ಕೈ ಯಾರದು? ಡಾಕ್ಟರ ಮುಂದೆ ತಲೆಯಾಡಿಸಿದವಳು ಯಾರು? ಒಳಗಿನ ಯಾವ ಮೂಲೆಯಲ್ಲೂ ಬಿಡುಗಡೆಯ ಆಸೆ ಇರಲಿಲ್ಲವೇ? ಎಷ್ಟು ಕೆದಕಿದರೂ ಅವಳಿಗೆ ತಳ ಸಿಗಲಿಲ್ಲ. ಸೋಮನಾಥ ತಲೆ ಎತ್ತಿ ಅವಳ ಮುಖ ನೋಡಿ, ಎದ್ದು ಹೊರಗೆ ಹೋದ.

ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಫಿರ್ದೋಸ ಹುಡುಕಿಕೊಂಡು ಬಂದಳು. ಸಂಗತಿ ಕೇಳಿ ನೆಲದ ಮೇಲೆ ಅವಳ ಪಕ್ಕ ಕುಳಿತಳು.

“ನಾ ಬ್ಯಾಡ ಅಂದಿದ್ನೆಲ್ರಿ ಅಕ್ಕಾ.”

“ಅಂದಿದ್ರಿ. ನಿಮ್ಮ ತಪ್ಪಿಲ್ಲ.” ಸುರೇಖಾ ಕೇಳಿದಳು, “ಒಂದು ಮಾತು ಹೇಳ್ರಿ ಮೇಡಂ. ನಡುವ ಅಕಿಗೆ ಖರೇನ ಚಲೋ ಆಗಿತ್ರಿ. ಮೊಣಕಾಲು ತಿಕ್ಕಿಕೋತ ಅಳೂದು ನಿಂತಿತ್ತು, ನನ್ನ ಹೆಸರು ಹಿಡದು ಕರದ್ಲು. ಅದು ಗುಳಿಗಿಯಿಂದ ಬಂದ ನೆನಪು ಹೌದಲ್ಲ?”

ಫಿರ್ದೋಸ ಹೌದೆಂದಿದ್ದರೆ ಆಗುತ್ತಿತ್ತು. ಅವಳಿಗೆ ಸುಳ್ಳು ಹೇಳಲು ಬರಲಿಲ್ಲ. “ಗೊತ್ತಿಲ್ಲ ಅಕ್ಕಾ. ಮೊಣಕಾಲು ನೋವು ಇಳದಿರಬೇಕು. ನೋವು ಇಳದ್ರ ನಿದ್ದಿ ಬರ್ತೈತಿ. ನಿದ್ದಿ ಆದ್ರ ಇಂಥವರ ತಲಿ ಒಂದೀಟು ತಿಳಿ ಆಗ್ತೈತಿ. ಅಷ್ಟs ಇರಬೇಕು.”

ಫಿರ್ದೋಸ ಕಣ್ಣೊರೆಸಿಕೊಂಡು ಎದ್ದು ಹೋದದ್ದನ್ನು ಸುರೇಖಾ ನೋಡಲಿಲ್ಲ.

ಸೋಮನಾಥ ಬೂದಿ ಗಡಿಗೆ ಹಿಡಿದು ಒಬ್ಬನೇ ತಾಂಡಾಕ್ಕೆ ಹೋದ. ಬಾ ಎನ್ನಲಿಲ್ಲ. ಅಲ್ಲಿಯೇ ಉಳಿದುಬಿಡುತ್ತಾನೆಂದು ಅವಳು ತಿಳಿದಿದ್ದಳು. ಆದರೆ ಮಳೆ ಹಿಂದಾದ ಮೇಲೆ ಒಂದು ದಿನ ತಲೆ ಬೋಳಿಸಿಕೊಂಡು ಬಂದು, ಹೊಸಲಲ್ಲಿ ಚೀಲ ಇಳಿಸಿದ. ಸುರೇಖಾ ಸಡಗರದಿಂದ ಒಲೆ ಹಚ್ಚಿ, ರೊಟ್ಟಿ ಬಡಿದು, ಅವನಿಗೆ ಇಷ್ಟವೆಂದು ಪುಂಡಿಪಲ್ಯ ಮಾಡಿ ತಾಟು ಮುಂದಿಟ್ಟಳು.

ಸೋಮನಾಥ ತಾಟನ್ನು ನೋಡಿದ. ಕೈಯಲ್ಲಿ ಮೆಲ್ಲಗೆ ಆಚೆ ಸರಿಸಿದ. ಚೀಲದಿಂದ ಹೊಸದೊಂದು ಸಣ್ಣ ಪಾತ್ರೆ ತೆಗೆದು, ತಾನೇ ನಳದಿಂದ ನೀರು ಹಿಡಿದು ತಂದು, ಅಕ್ಕಿ ತೊಳೆದು ಒಲೆಯ ಮೇಲಿಟ್ಟ. ಬೇಯುವ ತನಕ ಅವಳ ಕೈಯ ಮೇಲೊಂದು ಕಣ್ಣಿಟ್ಟು, ಪಾತ್ರೆಯ ಪಕ್ಕದಿಂದ ಏಳಲಿಲ್ಲ.